ಪಾಲಿಶ್ ಮಾಡಿದ ಬಳೆ ಹಗುರವಾಗುವುದೇಕೆ? ಆಸಿಡ್‌ನಲ್ಲಿ ಕರಗಿದ ಚಿನ್ನ ಎಲ್ಲಿಗೆ ಹೋಗುತ್ತದೆ?

ಚಿನ್ನ ಮತ್ತು ಆಸಿಡ್ ಬಗ್ಗೆ ಮೊಬೈಲ್‌ಗೆ ಬರುವ ಫಾರ್ವರ್ಡ್‌ಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಒಂದು: "ಅಸಲಿ ಚಿನ್ನಕ್ಕೆ ಆಸಿಡ್ ಏನೂ ಮಾಡಲಾರದು. ಆಸಿಡ್ ಪಾಲಿಶ್‌ನಲ್ಲಿ ತೂಕ ಕಡಿಮೆಯಾದರೆ ನಿಮ್ಮ ಒಡವೆಯೇ ನಕಲಿ." ಇನ್ನೊಂದು ವೀಡಿಯೊ ರೂಪದಲ್ಲಿ ಬರುತ್ತದೆ. ಯಾರೋ ಹಳೆಯ ಸಿಮ್ ಕಾರ್ಡ್, ಮೊಬೈಲ್ ಬೋರ್ಡ್‌ಗಳನ್ನು ಆಸಿಡ್‌ಗೆ ಹಾಕುತ್ತಾರೆ, ಹಳದಿ ನೀರನ್ನು ಸೋಸುತ್ತಾರೆ, ಕೊನೆಗೆ ಅಂಗೈಯಲ್ಲಿ ಚಿನ್ನದ ಗಟ್ಟಿ ಹಿಡಿದು ತೋರಿಸುತ್ತಾರೆ. "ಮನೆಯಲ್ಲೇ ಚಿನ್ನ ತೆಗೆಯಿರಿ, ಎಲ್ಲರಿಗೂ ಶೇರ್ ಮಾಡಿ" ಎಂಬ ಸಾಲು ಕೆಳಗಿರುತ್ತದೆ.

ಮೊದಲನೆಯದು ತಪ್ಪು. ಎರಡನೆಯದರ ರಸಾಯನಶಾಸ್ತ್ರ ನಿಜ, ಸಲಹೆ ಅಪಾಯಕಾರಿ. ಇವೆರಡರ ನಡುವೆ ತಿಳಿದಿರಲೇಬೇಕಾದ ಒಂದು ಸಂಗತಿ ಇದೆ. ಅದು ಗೊತ್ತಿಲ್ಲದ್ದರಿಂದ ನಮ್ಮ ತಂಡದಲ್ಲೊಬ್ಬರ ಮನೆಯಲ್ಲಿ ಎರಡೂಮುಕ್ಕಾಲು ಗ್ರಾಂ ಚಿನ್ನ ಬಚ್ಚಲಿಗೆ ಹೋಯಿತು. ಆ ಕಥೆ ಮುಂದೆ ಹೇಳುತ್ತೇವೆ.

ಚುಟುಕಾಗಿ ಹೇಳುವುದಾದರೆ

ಚಿನ್ನ ಕೆಲವು ದ್ರಾವಣಗಳಲ್ಲಿ ಕರಗುತ್ತದೆ, ಆದರೆ ನಾಶವಾಗುವುದಿಲ್ಲ. ಕಣ್ಣಿಗೆ ಕಾಣದಂತೆ ಆ ನೀರಿನಲ್ಲೇ ಇರುತ್ತದೆ. ನೀರು ಯಾರ ಕೈಯಲ್ಲಿದೆಯೋ ಚಿನ್ನವೂ ಅವರ ಕೈಯಲ್ಲಿ. ಚಿನ್ನ ಶುದ್ಧೀಕರಿಸುವ ಕಾರ್ಖಾನೆ ನಡೆಯುವುದೂ, ಬೀದಿಯಲ್ಲಿ ಪಾಲಿಶ್ ಹೆಸರಿನ ಮೋಸ ನಡೆಯುವುದೂ ಇದೊಂದೇ ಸತ್ಯದ ಮೇಲೆ.

ಆಸಿಡ್‌ಗೆ ಚಿನ್ನ ಕರಗುತ್ತದೆಯೇ?

ಹೆಚ್ಚಿನ ಆಸಿಡ್‌ಗಳಿಗೆ ಕರಗುವುದಿಲ್ಲ. ಆ ಫಾರ್ವರ್ಡ್ ಹುಟ್ಟಿದ್ದು ಈ ಅರ್ಧ ಸತ್ಯದಿಂದಲೇ. ಅಕ್ಕಸಾಲಿಗರು ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಮೂಡಿದ ಗೆರೆಯ ಮೇಲೆ ನೈಟ್ರಿಕ್ ಆಸಿಡ್ ಹನಿ ಬಿಡುವುದನ್ನು ನೀವು ನೋಡಿರಬಹುದು. ಹಿತ್ತಾಳೆಯ ಗೆರೆಯಾದರೆ ಅಳಿಸಿಹೋಗುತ್ತದೆ, ಒಳ್ಳೆಯ ಚಿನ್ನದ್ದಾದರೆ ಉಳಿಯುತ್ತದೆ. ನೈಟ್ರಿಕ್ ಆಸಿಡ್ ತಾಮ್ರವನ್ನು ಕರಗಿಸುತ್ತದೆ, ಬೆಳ್ಳಿಯನ್ನು ಕರಗಿಸುತ್ತದೆ, ಚಿನ್ನವನ್ನು ಮಾತ್ರ ಬಿಟ್ಟುಬಿಡುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಒಂದನ್ನೇ ತೆಗೆದುಕೊಂಡರೂ ಚಿನ್ನಕ್ಕೆ ಏನೂ ಆಗುವುದಿಲ್ಲ.

ಆದರೆ ಇವೆರಡನ್ನು ಸೇರಿಸಿದರೆ ಆಟವೇ ಬದಲಾಗುತ್ತದೆ. ಮೂರು ಪಾಲು ಹೈಡ್ರೋಕ್ಲೋರಿಕ್ ಮತ್ತು ಒಂದು ಪಾಲು ನೈಟ್ರಿಕ್ ಆಸಿಡ್‌ನ ಮಿಶ್ರಣಕ್ಕೆ ಅಕ್ವಾ ರೀಜಿಯಾ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ ರಾಜನ ನೀರು. ಲೋಹಗಳ ರಾಜ ಎನಿಸಿಕೊಂಡ ಚಿನ್ನವನ್ನೇ ಕರಗಿಸುತ್ತದೆಂದು ಈ ಹೆಸರು ಬಂತು.

ಒಬ್ಬರಿಂದ ಆಗದ್ದು ಇಬ್ಬರಿಂದ ಆಗುವುದು ಹೇಗೆ? ನೈಟ್ರಿಕ್ ಆಸಿಡ್ ಚಿನ್ನದ ಮೇಲ್ಮೈಯಿಂದ ತೀರಾ ಅಲ್ಪ ಪ್ರಮಾಣದ ಪರಮಾಣುಗಳನ್ನು ಎಬ್ಬಿಸಬಲ್ಲದು. ಅದು ಒಂದೇ ಇದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಜೊತೆಗಿದ್ದರೆ ಅದರಲ್ಲಿರುವ ಕ್ಲೋರೈಡ್, ಎದ್ದ ಪರಮಾಣುಗಳನ್ನು ಕೂಡಲೇ ಹಿಡಿದು ನೀರಿನಲ್ಲಿ ಕಟ್ಟಿಹಾಕುತ್ತದೆ. ಆಗ ನೈಟ್ರಿಕ್ ಆಸಿಡ್ ಮುಂದಿನ ಪದರಕ್ಕೆ ಕೈಹಾಕುತ್ತದೆ. ಹೀಗೆ ಪದರ ಪದರವಾಗಿ ಚಿನ್ನ ನೀರಿಗೆ ಇಳಿಯುತ್ತದೆ, ದ್ರಾವಣ ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಅಂದರೆ ಆಸಿಡ್‌ನಲ್ಲಿ ಅದ್ದಿದ ಬಳೆಯ ತೂಕ ಇಳಿಯಿತೆಂದು ಬಳೆ ನಕಲಿ ಎನ್ನಲಾಗದು. ಅಪ್ಪಟ ಚಿನ್ನವೂ ಈ ಮಿಶ್ರಣದಲ್ಲಿ ಕರಗುತ್ತದೆ.

ಕರಗಿದ ಚಿನ್ನ ವಾಪಸ್ ಬರುತ್ತದೆಯೇ?

ಬರುತ್ತದೆ. ಇದಕ್ಕೆ ಎರಡನೇ ಮಹಾಯುದ್ಧದ ಕಾಲದ ಒಂದು ಪ್ರಸಿದ್ಧ ಉದಾಹರಣೆ ಇದೆ.

ಜರ್ಮನಿಯ ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ತಮ್ಮ ನೊಬೆಲ್ ಪದಕಗಳನ್ನು ಸುರಕ್ಷಿತವಾಗಿರಲಿ ಎಂದು ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿದ್ದ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಇಟ್ಟಿದ್ದರು. 1940ರ ಏಪ್ರಿಲ್‌ನಲ್ಲಿ ನಾಜಿ ಸೇನೆ ಕೋಪನ್‌ಹೇಗನ್‌ಗೆ ನುಗ್ಗಿತು. ಜರ್ಮನಿಯಿಂದ ಚಿನ್ನ ಹೊರಗೆ ಸಾಗಿಸುವುದು ಆಗ ಅಪರಾಧವಾಗಿತ್ತು, ಪದಕಗಳ ಮೇಲೆ ಹೆಸರು ಬೇರೆ ಕೊರೆದಿತ್ತು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಕುತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ ಜಾರ್ಜ್ ಡಿ ಹೆವೆಸಿ ಪದಕಗಳನ್ನು ಅಕ್ವಾ ರೀಜಿಯಾದಲ್ಲಿ ಕರಗಿಸಿ, ಆ ದ್ರಾವಣವನ್ನು ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟುಬಿಟ್ಟರು. ಹತ್ತಾರು ಬಾಟಲಿಗಳ ನಡುವೆ ಅದೂ ಒಂದಾಗಿ ನಿಂತಿತು, ಯಾರೂ ಅದನ್ನು ಮುಟ್ಟಲಿಲ್ಲ.

ಯುದ್ಧ ಮುಗಿದ ಮೇಲೆ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿ ಸ್ವೀಡನ್‌ಗೆ ಕಳಿಸಲಾಯಿತು. ನೊಬೆಲ್ ಪ್ರತಿಷ್ಠಾನ ಹೊಸದಾಗಿ ಪದಕಗಳನ್ನು ಮಾಡಿಸಿಕೊಟ್ಟಿತು. ವರ್ಷಗಟ್ಟಲೆ ನೀರಿನಲ್ಲಿದ್ದರೂ ಚಿನ್ನ ಚಿನ್ನವಾಗಿಯೇ ಉಳಿದಿತ್ತು.

ಸೋಸಿದರೆ ಚಿನ್ನ ಸಿಗುತ್ತದೆಯೇ?

ವೀಡಿಯೊಗಳು ಹೆಚ್ಚು ಗೊಂದಲ ಮಾಡುವುದು ಇಲ್ಲಿ. ಆಸಿಡ್‌ಗೆ ಹಾಕು, ಸೋಸು, ಚಿನ್ನ ರೆಡಿ ಎಂಬಂತೆ ಅವು ತೋರಿಸುತ್ತವೆ. ನಿಜವಾಗಿ ಚಿನ್ನ ಶುದ್ಧೀಕರಣದಲ್ಲಿ ಸೋಸುವ ಕೆಲಸ ಎರಡು ಸಲ ಬರುತ್ತದೆ, ಎರಡರ ಉದ್ದೇಶವೂ ಬೇರೆ. ಇದನ್ನು ಅಡುಗೆಮನೆಯ ಎರಡು ಕೆಲಸಗಳಿಂದ ಅರ್ಥಮಾಡಿಕೊಳ್ಳಬಹುದು.

ಮೊದಲ ಸೋಸುವಿಕೆ ಬೆಲ್ಲದ ನೀರು ಸೋಸಿದ ಹಾಗೆ. ಪಾಯಸಕ್ಕೆ ಬೆಲ್ಲ ಕರಗಿಸಿ ಸೋಸಿದಾಗ ಕಲ್ಲು, ಮಣ್ಣು, ಕಬ್ಬಿನ ನಾರು ಜರಡಿಯಲ್ಲಿ ಉಳಿಯುತ್ತವೆ. ಸಿಹಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಚಿನ್ನ ಕರಗಿದ ದ್ರಾವಣವೂ ಹೀಗೆಯೇ. ಫಿಲ್ಟರ್ ಕಾಗದ ಎಷ್ಟೇ ನಯವಾಗಿದ್ದರೂ ಕರಗಿದ ಚಿನ್ನವನ್ನು ತಡೆಯಲಾರದು. ಅದು ತಡೆಯುವುದು ಕೊಳೆಯನ್ನು ಮತ್ತು ಬೆಳ್ಳಿಯನ್ನು. ಒಡವೆಯಲ್ಲಿದ್ದ ಬೆಳ್ಳಿ ಅಕ್ವಾ ರೀಜಿಯಾದಲ್ಲಿ ಸಿಲ್ವರ್ ಕ್ಲೋರೈಡ್ ಎಂಬ ಬಿಳಿ ಪುಡಿಯಾಗಿ, ಒಡೆದ ಮೊಸರಿನಂತೆ ತಳಕ್ಕೆ ಕೂರುತ್ತದೆ. ಅದು ಪೂರ್ತಿ ಕೂರಲೆಂದು ಕೆಲಸಗಾರರು ದ್ರಾವಣವನ್ನು ತಣ್ಣಗೆ ಮಾಡಿ, ನೀರು ಸೇರಿಸಿ ಕಾಯುತ್ತಾರೆ. ಅವಸರ ಮಾಡಿದರೆ ಸ್ವಲ್ಪ ಬೆಳ್ಳಿ ಕಾಗದ ದಾಟಿ ಹೋಗಿ ಚಿನ್ನದ ಶುದ್ಧತೆ ಕೆಡುತ್ತದೆ. ಸೋಸಿದ ನೀರು ಕನ್ನಡಿಯಂತೆ ತಿಳಿಯಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಎರಡನೇ ಸೋಸುವಿಕೆ ಪನೀರ್ ಮಾಡಿದ ಹಾಗೆ. ಹಾಲನ್ನು ಎಷ್ಟು ಸೋಸಿದರೂ ಪನೀರ್ ಸಿಗುವುದಿಲ್ಲ. ನಿಂಬೆರಸ ಹಿಂಡಿ ಹಾಲು ಒಡೆದ ಮೇಲಷ್ಟೇ ಬಟ್ಟೆಯಲ್ಲಿ ಪನೀರ್ ನಿಲ್ಲುತ್ತದೆ. ಚಿನ್ನದ ದ್ರಾವಣಕ್ಕೆ ನಿಂಬೆರಸದ ಜಾಗದಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಅಥವಾ ಫೆರಸ್ ಸಲ್ಫೇಟ್‌ನಂಥ ರಾಸಾಯನಿಕ ಸೇರಿಸುತ್ತಾರೆ. ಅದಕ್ಕೂ ಮೊದಲು ಉಳಿದ ನೈಟ್ರಿಕ್ ಆಸಿಡ್‌ನ ಶಕ್ತಿ ತೆಗೆದಿರಬೇಕು, ಇಲ್ಲದಿದ್ದರೆ ಕೆಳಗಿಳಿದ ಚಿನ್ನ ಮತ್ತೆ ಕರಗುತ್ತದೆ. ಆಗ ಚಿನ್ನ ಮಾತ್ರ ನೀರಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ, ತಾಮ್ರ ನೀರಿನಲ್ಲೇ ಉಳಿಯುತ್ತದೆ. ಈಗ ಸೋಸಿದರೆ ಚಿನ್ನ ಕಾಗದದ ಮೇಲಿರುತ್ತದೆ.

ಮೊದಲ ಸಲ ಕಾಗದದ ಮೇಲಿರುವುದು ಕಸ, ನೀರಿನಲ್ಲಿರುವುದು ಚಿನ್ನ. ಎರಡನೇ ಸಲ ಕಾಗದದ ಮೇಲಿರುವುದು ಚಿನ್ನ, ನೀರಿನಲ್ಲಿರುವುದು ಕಸ. ವೀಡಿಯೊ ನೋಡಿ ಮೊದಲ ಸಲವೇ ನೀರು ಚೆಲ್ಲಿದರೆ ಚಿನ್ನವನ್ನೇ ಚೆಲ್ಲಿದಂತೆ.

ಇನ್ನೂ ಒಂದು ಅಚ್ಚರಿ ಇದೆ. ಕಾಗದದ ಮೇಲೆ ಸಿಗುವ ಚಿನ್ನ ಹೊಳೆಯುವುದಿಲ್ಲ. ಕಾಫಿ ಪುಡಿಯಂಥ ಕಂದು ಪುಡಿಯಾಗಿರುತ್ತದೆ. ಅದನ್ನು ತೊಳೆದು, ಒಣಗಿಸಿ, 1064 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಕರಗಿಸಿದಾಗಲೇ ನಮಗೆ ಗೊತ್ತಿರುವ ಹಳದಿ ಹೊಳಪು ಬರುತ್ತದೆ. ಶುದ್ಧೀಕರಣ ಮಾಡುವವರು ಬಳಸಿದ ಫಿಲ್ಟರ್ ಕಾಗದವನ್ನೂ ಬಿಸಾಡುವುದಿಲ್ಲ. ಕೂಡಿಟ್ಟು, ಸುಟ್ಟು, ಬೂದಿಯಲ್ಲಿ ಉಳಿದ ಚಿನ್ನವನ್ನು ತೆಗೆಯುತ್ತಾರೆ. ಅಕ್ಕಸಾಲಿಗರ ಅಂಗಡಿಯ ಕಸಕ್ಕೂ ಬೆಲೆ ಇರುವುದು ಇದೇ ಕಾರಣಕ್ಕೆ.

ಬೀದಿ ಪಾಲಿಶ್ ಮೋಸ ನಡೆಯುವುದು ಹೇಗೆ?

ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದ 'ಲೋಹಗಳು ಮತ್ತು ಅಲೋಹಗಳು' ಪಾಠದ ಕೊನೆಯಲ್ಲಿ ಒಂದು ಪ್ರಶ್ನೆ ಇದೆ. ಅಕ್ಕಸಾಲಿಗನ ವೇಷದಲ್ಲಿ ಮನೆಮನೆಗೆ ಬಂದವನೊಬ್ಬ ಮಹಿಳೆಯೊಬ್ಬರ ಚಿನ್ನದ ಬಳೆಗಳನ್ನು ಯಾವುದೋ ದ್ರಾವಣದಲ್ಲಿ ಅದ್ದುತ್ತಾನೆ. ಬಳೆ ಫಳಫಳ ಹೊಳೆಯುತ್ತದೆ, ಆದರೆ ತೂಕ ಇಳಿದಿರುತ್ತದೆ. ಆ ದ್ರಾವಣ ಯಾವುದು ಎಂಬುದು ಪ್ರಶ್ನೆ. ಉತ್ತರ ಅಕ್ವಾ ರೀಜಿಯಾ. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ ಮಕ್ಕಳು ಬಹಳ ಮನೆಗಳಲ್ಲಿದ್ದಾರೆ. ಮನೆಯ ಹಿರಿಯರಿಗೆ ಮಾತ್ರ ಆ ಪಾಠ ತಲುಪಿರುವುದಿಲ್ಲ.

ಇಂಥ ಮೋಸಕ್ಕೊಂದು ಕ್ರಮವಿದೆ. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಹೊತ್ತಿಗೆ ಇಬ್ಬರು ಬರುತ್ತಾರೆ. ಮೊದಲು ಹಿತ್ತಾಳೆ ದೀಪ ಅಥವಾ ಬೆಳ್ಳಿ ಕಾಲ್ಗೆಜ್ಜೆ ತಿಕ್ಕಿ, ದುಡ್ಡು ಬೇಡ ಎಂದು ನಂಬಿಕೆ ಗಳಿಸುತ್ತಾರೆ. ಆಮೇಲೆ ಬಳೆ, ಸರ ಕೇಳುತ್ತಾರೆ. ಅದ್ದಿ ತೆಗೆದ ಒಡವೆಯನ್ನು ಅರಿಶಿನ ಕಲಸಿದ ನೀರಿನಲ್ಲೋ ಪೊಟ್ಟಣದಲ್ಲೋ ಇಟ್ಟು, ಅರ್ಧ ಗಂಟೆ ಬಿಟ್ಟು ತೆಗೆಯಿರಿ ಎನ್ನುತ್ತಾರೆ. ಆ ಅರ್ಧ ಗಂಟೆ ಅವರು ಊರು ದಾಟಲು. ಕೆಲವರು ಒಡವೆಯನ್ನೇ ಬದಲಿಸಿ ಹೋಗುತ್ತಾರೆ, ಕೆಲವರು ಚಿನ್ನ ಕರಗಿದ ನೀರನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಾರೆ.

ಹೊಳಪು ಬರುವುದಾದರೂ ಹೇಗೆ? ಮೇಲಿನ ಕೊಳೆಯ ಜೊತೆಗೆ ಚಿನ್ನದ ಒಂದು ಪದರವೇ ಹೋಗಿ ಒಳಗಿನ ಹೊಸ ಪದರ ಕಾಣಿಸುತ್ತದೆ. ಆ ಹೊಳಪಿನ ಬೆಲೆಯನ್ನು ಬಳೆಯೇ ತೆತ್ತಿರುತ್ತದೆ.

ಈಗ ನಾವು ಆರಂಭದಲ್ಲಿ ಹೇಳಿದ ಮನೆಯ ಕಥೆ. ನಮ್ಮ ಸಹೋದ್ಯೋಗಿಯೊಬ್ಬರ ಅಜ್ಜಿಯ ಎರಡು ಬಳೆಗಳು ಸೇರಿ ಮೂರು ಪವನ್, ಅಂದರೆ 24 ಗ್ರಾಂ ತೂಗುತ್ತಿದ್ದವು. ಪಾಲಿಶ್‌ನವರು ಬಳೆ ಅದ್ದಿ ತೆಗೆಯುವಷ್ಟರಲ್ಲಿ ಅಜ್ಜಿಯ ಮಗ ಊಟಕ್ಕೆಂದು ಮನೆಗೆ ಬಂದರು. ಅವರನ್ನು ಕಂಡದ್ದೇ ಬಂದವರು ತಮ್ಮ ಪ್ಲಾಸ್ಟಿಕ್ ಡಬ್ಬಿಯನ್ನೂ ಬಿಟ್ಟು ಓಡಿದರು. ಮನೆಯವರು ಬಳೆ ಉಳಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟು, ಆ ಘಾಟು ನೀರು ಮನೆಯಲ್ಲಿ ಬೇಡವೆಂದು ಬಚ್ಚಲಿಗೆ ಸುರಿದು ಕೊಡಗಟ್ಟಲೆ ನೀರು ಹೊಯ್ದರು. ಸಂಜೆ ಅಂಗಡಿಯಲ್ಲಿ ತೂಗಿಸಿದಾಗ ಬಳೆ 21 ಗ್ರಾಂ ಇತ್ತು. ಕಳೆದದ್ದು 3 ಗ್ರಾಂ. 22 ಕ್ಯಾರಟ್ ಒಡವೆಯಲ್ಲಿ ಚಿನ್ನ ಶೇ. 91.6 ಇರುವುದರಿಂದ, ಬಚ್ಚಲಿಗೆ ಹೋದ ನೀರಿನಲ್ಲಿ ಸುಮಾರು 2.75 ಗ್ರಾಂ ಶುದ್ಧ ಚಿನ್ನವಿತ್ತು. ಕಳ್ಳರು ಅದನ್ನು ಒಯ್ದಿರಲಿಲ್ಲ. ಮನೆಯವರ ಕೈಯಲ್ಲೇ ಇತ್ತು.

ಅಜ್ಜಿ ಪೊಲೀಸರಿಗೆ ದೂರು ಕೊಡಲು ಒಪ್ಪಲಿಲ್ಲ. "ನನ್ನ ಬುದ್ಧಿಗೆ ಮಂಕು ಕವಿದಿತ್ತು, ಊರಿಗೆಲ್ಲ ಹೇಳಬೇಡಿ" ಎಂದರು. ಮೋಸ ಹೋದವರ ಈ ನಾಚಿಕೆಯೇ ಮುಂದಿನ ಬೀದಿಯಲ್ಲಿ ಮೋಸಗಾರರಿಗೆ ಬಂಡವಾಳ. ಮಂಕು ಕವಿಯಬೇಕಾದ ಅಗತ್ಯವೇ ಇಲ್ಲ. ಚಿನ್ನ ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಾಗುತ್ತದೆ ಎಂದು ಯಾರೂ ಹೇಳದಿದ್ದರೆ ಯಾರಿಗೆ ತಾನೇ ಗೊತ್ತಾಗಬೇಕು?

ಸಿಮ್ ಕಾರ್ಡ್‌ನಿಂದ ಚಿನ್ನ ತೆಗೆಯಬಹುದೇ?

ಸಿಮ್ ಕಾರ್ಡ್‌ನ ಹಳದಿ ಭಾಗದಲ್ಲಿ ಚಿನ್ನದ ಲೇಪನ ಇರುವುದು ನಿಜ. ಪ್ರಶ್ನೆ ಎಷ್ಟು ಎಂಬುದು. ಲೇಪನದ ದಪ್ಪ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ, ಅಂದರೆ 0.1 ಮೈಕ್ರಾನ್ ಎಂದುಕೊಳ್ಳೋಣ. ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗುತ್ತದೆ. ಹಾಗಾದರೆ ಒಂದು ಚದರ ಸೆಂಟಿಮೀಟರ್ ಲೇಪನದಲ್ಲಿ ಇರುವುದು ಸುಮಾರು 0.2 ಮಿಲಿಗ್ರಾಂ. ಒಂದು ಗ್ರಾಂ ಚಿನ್ನಕ್ಕೆ 5,000ಕ್ಕೂ ಹೆಚ್ಚು ಸಿಮ್ ಕಾರ್ಡ್ ಬೇಕು. ವೀಡಿಯೊದಲ್ಲಿ ಅಂಗೈ ತುಂಬುವ ಗಟ್ಟಿ ಕಂಡರೆ ಅದರ ಹಿಂದೆ ಮೂಟೆಗಟ್ಟಲೆ ಕೈಗಾರಿಕಾ ತ್ಯಾಜ್ಯ ಇರಬೇಕು, ಇಲ್ಲವೇ ಗಟ್ಟಿ ಬೇರೆ ಕಡೆಯಿಂದ ಬಂದಿರಬೇಕು. ನಿಮ್ಮ ಮನೆಯ ಡ್ರಾಯರ್‌ನಲ್ಲಿರುವ ನಾಲ್ಕು ಸಿಮ್‌ಗಳಿಂದ ಆಸಿಡ್‌ನ ಖರ್ಚೂ ಹುಟ್ಟುವುದಿಲ್ಲ.

ಖರ್ಚಿಗಿಂತ ದೊಡ್ಡದು ಜೀವದ ಪ್ರಶ್ನೆ. ಲೋಹ ಕರಗುವಾಗ ಏಳುವ ಕೆಂಪು ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಇದರ ಮೋಸ ಪಾಲಿಶ್‌ನವರ ಮೋಸಕ್ಕಿಂತ ಕೆಟ್ಟದ್ದು. ಉಸಿರಾಡಿದಾಗ ಸ್ವಲ್ಪ ಕೆಮ್ಮು, ಗಂಟಲು ಉರಿ ಆಗಿ ಕಡಿಮೆಯಾಗಬಹುದು. ಏನೂ ಆಗಿಲ್ಲ ಎಂದು ಮಲಗಿದವರಿಗೆ ಹಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಾಪಾಯ ಆಗಬಹುದು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ, ಮಾಸ್ಕ್ ಹಾಕಿಕೊಂಡರೆ ಈ ಅನಿಲ ತಡೆಯುವುದಿಲ್ಲ. ಜೊತೆಗೆ ಈ ಮಿಶ್ರಣವನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಮಿಕ್ಕ ನೀರಿನಲ್ಲಿ ತಾಮ್ರ, ಸೀಸದಂಥ ಲೋಹಗಳಿರುತ್ತವೆ. ಅದನ್ನು ಚರಂಡಿಗೆ ಬಿಟ್ಟರೆ ಊರಿನ ನೀರಿಗೇ ಸೇರುತ್ತದೆ.

ಕಾರ್ಖಾನೆಗಳಲ್ಲಿ ಇದೇ ಕೆಲಸ ಮುಚ್ಚಿದ ಪಾತ್ರೆಗಳಲ್ಲಿ, ಹೊಗೆಯನ್ನು ಹೀರಿ ತೊಳೆಯುವ ವ್ಯವಸ್ಥೆಯೊಂದಿಗೆ ನಡೆಯುತ್ತದೆ. ಹಳೆಯ ಮೊಬೈಲ್‌ಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ.

ಆಸಿಡ್‌ನಲ್ಲಿ ಶುದ್ಧಮಾಡಿದ ಚಿನ್ನ ಕೀಳೇ?

ಅಲ್ಲ. ಈ ವಿಧಾನದಿಂದ ಶೇ. 99.9ರಷ್ಟು ಶುದ್ಧ ಚಿನ್ನ ಪಡೆಯಬಹುದು. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಒಡವೆಯ ಶುದ್ಧತೆ ಅಳೆಯುವ ಬೆಂಕಿ ಪರೀಕ್ಷೆಯ ಕೊನೆಯ ಹಂತದಲ್ಲೂ ನೈಟ್ರಿಕ್ ಆಸಿಡ್ ಬಳಸಿಯೇ ಬೆಳ್ಳಿಯನ್ನು ಬೇರ್ಪಡಿಸುತ್ತಾರೆ. ಆದರೆ ಗಣಿಯ ಕಥೆ ಬೇರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ಕರಗಿಸಲು ಬಳಸುವುದು ಸೈನೈಡ್ ದ್ರಾವಣ. ಕೋಲಾರದ ಕೆಜಿಎಫ್‌ನಲ್ಲಿ ಜನ ಸೈನೈಡ್ ದಿಬ್ಬ ಎಂದು ಕರೆಯುವ ಬೂದುಬಣ್ಣದ ಗುಡ್ಡಗಳು ಆ ಕೆಲಸದ ಉಳಿಕೆಯೇ.

ನೀವು ಏನು ಮಾಡಬೇಕು?

1. ಮನೆ ಬಾಗಿಲಿಗೆ ಬಂದವರಿಗೆ ಚಿನ್ನ ಕೊಡಬೇಡಿ. ಉಚಿತ ಎಂದರಂತೂ ಬೇಡವೇ ಬೇಡ.

2. ಒಡವೆ ಮಂಕಾಗಿದ್ದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಸೋಪು, ಮೆತ್ತನೆಯ ಬ್ರಷ್ ಸಾಕು.

3. ಅಂಗಡಿಯಲ್ಲಿ ಪಾಲಿಶ್ ಮಾಡಿಸುವಾಗ ಮೊದಲು ಮತ್ತು ನಂತರ ನಿಮ್ಮ ಎದುರೇ ತೂಗಿಸಿ, ತೂಕ ಬರೆಸಿಕೊಳ್ಳಿ.

4. ಮೋಸವಾಗಿ, ದ್ರಾವಣ ಮನೆಯಲ್ಲೇ ಉಳಿದಿದ್ದರೆ ಚೆಲ್ಲಬೇಡಿ. ಅದರಲ್ಲಿ ನಿಮ್ಮ ಚಿನ್ನವಿದೆ, ಅದು ಸಾಕ್ಷಿಯೂ ಹೌದು. ಕೈಯಿಂದ ಮುಟ್ಟಬೇಡಿ, ಸ್ಟೀಲ್ ಪಾತ್ರೆಗೆ ಸುರಿಯಬೇಡಿ, ಬಿಗಿಯಾಗಿ ಮುಚ್ಚಬೇಡಿ. ಇರುವ ಡಬ್ಬಿಯಲ್ಲೇ, ಮಕ್ಕಳಿಗೆ ಸಿಗದ ಹಾಗೆ ಗಾಳಿಯಾಡುವ ಕಡೆ ಬಿಟ್ಟು 112ಕ್ಕೆ ಕರೆ ಮಾಡಿ.

5. ಆಸಿಡ್ ಮೈಮೇಲೆ ಬಿದ್ದರೆ ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಕಂದು ಹೊಗೆ ಉಸಿರಾಡಿದ್ದರೆ ಆರಾಮ ಅನಿಸಿದರೂ ವೈದ್ಯರನ್ನು ಕಾಣಿ.

6. ಹೊಸ ಒಡವೆ ಕೊಳ್ಳುವಾಗ ಹಾಲ್‌ಮಾರ್ಕ್ ಗುರುತು ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಪರಿಶೀಲಿಸಬಹುದು. ಯಾರಾದರೂ ಒಡವೆ ಬದಲಿಸಿದರೂ ಈ ಸಂಖ್ಯೆಯಿಂದ ಪತ್ತೆಹಚ್ಚಲು ಸುಲಭ.

ಕೊನೆಯ ಮಾತು

"ಅಸಲಿ ಚಿನ್ನಕ್ಕೆ ಆಸಿಡ್ ಏನೂ ಮಾಡದು" ಎಂಬ ಸಂದೇಶ ತಪ್ಪು. "ಮನೆಯಲ್ಲೇ ಚಿನ್ನ ತೆಗೆಯಿರಿ" ಎಂಬ ವೀಡಿಯೊ ಅಪಾಯಕಾರಿ, ಅದನ್ನು ಮುಂದೆ ಕಳಿಸಬೇಡಿ. ಕಳಿಸುವುದಾದರೆ ಈ ಒಂದು ಸಾಲನ್ನು ಮನೆಯ ಹಿರಿಯರಿಗೆ ಕಳಿಸಿ, ಫೋನ್ ಇಲ್ಲದವರಿಗೆ ಬಾಯಲ್ಲೇ ಹೇಳಿ: ಪಾಲಿಶ್ ನೀರಿನಲ್ಲಿ ಅದ್ದಿದ ಚಿನ್ನ ಆ ನೀರಿನಲ್ಲೇ ಇರುತ್ತದೆ, ನೀರನ್ನು ಬಿಡಬೇಡಿ.